ಗುಬ್ಬಿಯ ಸೆಮಿಫೈನಲ್ ವರದಿ

ತೊಂಬತ್ತರ ದಶಕದ ಕೊನೆಯಲ್ಲಿ ತುಮಕೂರಿನ ಬಸ್ ಸ್ಟ್ಯಾಂಡ್ ಹತ್ತಿರ ನನ್ನದೊಂದು ಎಸ್‌ಟಿಡಿ ಬೂತ್ ಇತ್ತು. ಫ್ಯಾಕ್ಸ್ ಮಷೀನೂ ಇದ್ದದ್ದರಿಂದ ಪತ್ರಿಕೆಗಳಿಗೆ ಸುದ್ದಿ ಕಳಿಸುವವರು ಸಂಜೆ ಹೊತ್ತು ನನ್ನಲ್ಲಿಗೇ ಬರುತ್ತಿದ್ದರು. ಹೊರಗಿನ ಬೆಂಚಿನ ಮೇಲೆ ನಮ್ಮ ಫುಟ್‌ಬಾಲ್ ಕ್ಲಬ್ಬಿನ ಅಭಿಮಾನಿಗಳು ಕೂತು ಅದೇ ಪತ್ರಿಕೆಗಳನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದರು. ಒಳಗೆ ಕೂತ ನಾನೂ ಅವರಲ್ಲಿ ಒಬ್ಬ.

ನಮ್ಮ ಸಿಟ್ಟಿಗೆ ಕಾರಣ ಇಲ್ಲದಿರಲಿಲ್ಲ. ಒಮ್ಮೆ ನಾವು ಗೆದ್ದ ಆಟವನ್ನು ಸೋತೆವೆಂದು ಬರೆದರು. ಇನ್ನೊಮ್ಮೆ ನಮ್ಮ ಹೆಸರಿನ ಮೇಲೆ ಯಾವುದೋ ಕಬಡ್ಡಿ ತಂಡದ ಫೋಟೋ ಹಾಕಿದರು. ಬೆಂಚಿನಲ್ಲಿ ಪಾತ್ರೆಗೆ ಕಲಾಯಿ ಹಾಕುವವನೊಬ್ಬ ಇದ್ದ. ದಿನಾ ಬೆಳಿಗ್ಗೆ ಪೇಪರ್ ಹರಡಿ, ಕ್ರಿಕೆಟ್‌ಗೆ ಒಂದು ಗೇಣು, ನಮಗೆ ಎರಡು ಬೆರಳು ಎಂದು ಅಳತೆ ಮಾಡಿ ತೋರಿಸುತ್ತಿದ್ದ. ಅವನು ಅಳೆದದ್ದನ್ನು ನಾವು ಕೋರ್ಟಿನ ತೀರ್ಪಿನ ಹಾಗೆ ಒಪ್ಪುತ್ತಿದ್ದೆವು.

ಆ ವರ್ಷ ಕುಣಿಗಲ್‌ನ ಸಮಿತಿಯೊಂದು ಟೂರ್ನಿ ನಡೆಸಿತು. ಸೆಮಿಫೈನಲ್ ಗುಬ್ಬಿಯಲ್ಲಿ, ಫೈನಲ್ ಮುಂದಿನ ಭಾನುವಾರ ಕುಣಿಗಲ್‌ನಲ್ಲಿ. ರೆಫರಿ, ಲೈನ್ಸ್‌ಮನ್‌ಗಳ ಮೈ ಮುಟ್ಟಿದರೆ ಆ ತಂಡ ಹೊರಕ್ಕೆ ಎಂದು ಮೊದಲೇ ಹೇಳಿದ್ದರು. ನಮ್ಮ ಕ್ಯಾಪ್ಟನ್ ಮಂಡಿಪೇಟೆಯಲ್ಲಿ ಬಟ್ಟೆ ಹೊಲಿಯುತ್ತಿದ್ದ. ನನಗಿಂತ ದೊಡ್ಡವನು, ಅಣ್ಣ ಎಂದೇ ಕರೆಯುತ್ತಿದ್ದೆ. ಹದಿನೈದು ವರ್ಷ ಆಡಿಯೂ ಒಂದು ಫೈನಲ್ ಕಂಡವನಲ್ಲ. ಮಂಡಿ ಕೈಕೊಟ್ಟಿತ್ತು, ಇದೇ ಕೊನೇ ಟೂರ್ನಿ ಎಂದು ಮನೆಯಲ್ಲೂ ಹೇಳಿಬಿಟ್ಟಿದ್ದ. ಅವನು ಫೈನಲ್ ಆಡುವುದನ್ನು ಕಣ್ಣಾರೆ ನೋಡಬೇಕೆಂಬುದು ನಮ್ಮೆಲ್ಲರ ಹಟವಾಗಿತ್ತು.

ಗುಬ್ಬಿಯಲ್ಲಿ ಒಂದು ಗೋಲಿನಿಂದ ಗೆದ್ದೆವು. ಆದರೆ ಆಟ ಮುಗಿಯುವ ಮೊದಲು ಲೈನ್ಸ್‌ಮನ್ ನಮಗೆ ವಿರುದ್ಧವಾಗಿ ಬಾವುಟ ಎತ್ತಿದಾಗ ಜನರ ಮಧ್ಯದಿಂದ ಕಲ್ಲೊಂದು ಹಾರಿ ಅವರ ಹಣೆಗೆ ಬಿತ್ತು. ಎಸೆದವನು ನಮ್ಮವನೇ. ನನ್ನ ಪಕ್ಕದಲ್ಲೇ ನಿಂತಿದ್ದವನು. ಟೂರ್ನಿ ನಿಂತೀತೆಂಬ ಹೆದರಿಕೆಗೆ ಆಟ ನಡೆಸುತ್ತಿದ್ದ ಗುಬ್ಬಿಯವರು ವಿಷಯವನ್ನು ಅಲ್ಲಿಗಲ್ಲಿಗೇ ಮುಚ್ಚಿದರು. ನಾನು ಬೂತ್ ತೆರೆಯಬೇಕೆಂದು ಕೊನೆಯ ಸೀಟಿ ಊದಿದ ಕೂಡಲೇ ಬೆಂಚಿನವರ ಜೊತೆ ಬಸ್ ಹಿಡಿದೆ. ದಾರಿಯುದ್ದಕ್ಕೂ ಒಂದೇ ಮಾತು: ಪೇಪರಿನಲ್ಲಿ ಬರದಿದ್ದರೆ ಸಾಕು.

ಬೂತ್ ತೆರೆದು ಅರ್ಧ ಗಂಟೆಯಾಗಿರಲಿಲ್ಲ, ನನಗೆ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದ ಮೇಷ್ಟ್ರು ಬಂದರು. ಪಾಠದ ಜೊತೆಗೆ ಒಂದು ಪತ್ರಿಕೆಗೆ ಸುದ್ದಿ ಬರೆಯುವುದೂ ಅವರ ಕೆಲಸ. ಅವರು ಮೈದಾನದ ಆಚೆ ತುದಿಯಲ್ಲಿ ಛತ್ರಿ ಹಿಡಿದು ನಿಂತದ್ದನ್ನು ನೋಡಿದ್ದೆ. ಪೇಪರಿನವರು ಆಟ ನೋಡದೆ ಬರೆಯುತ್ತಾರೆಂದು ಬೈಯುತ್ತಿದ್ದವನಿಗೆ ಆ ದಿನ ಅವರು ನೋಡಿದ್ದೇ ಭಯವಾಯಿತು. ಒಂದೇ ಹಾಳೆ ಕೊಟ್ಟು, ಕನ್ನಡಕ ಒರೆಸಿಕೊಳ್ಳುತ್ತ ಬಾಗಿಲ ಹತ್ತಿರ ಕೂತರು.

ಹಾಳೆಯ ಮೊದಲ ನಾಲ್ಕು ಸಾಲು ಓದಿದೆ. ಕಲ್ಲು, ಹಣೆಯ ಗಾಯ, ತುಮಕೂರು ತಂಡದ ಬೆಂಬಲಿಗ. ಎಲ್ಲ ನಿಜ. ಅಷ್ಟರಲ್ಲಿ ಕಲಾಯಿಯವನು ಕಿಟಕಿಗೆ ಮುಖ ತಂದ.

“ಕಲ್ಲಿಂದು ಬರ್ದವ್ರೇನ್ಲಾ?” ಎಂದು ಪಿಸುಗುಟ್ಟಿದ. ನಾನು ತಲೆಯಾಡಿಸಿದೆ.

“ಹಂಗಾರೆ ಹೋಗ್ಬಾರ್ದು ಅದು. ಏನಾರ ಮಾಡು.”

ಮೇಷ್ಟ್ರು ಗಡಿಯಾರ ನೋಡಿಕೊಂಡು, ಏಳರೊಳಗೆ ಹೋಗಲಿಲ್ಲವೆಂದರೆ ಪುಟ ಮುಗಿಸಿಬಿಡುತ್ತಾರಪ್ಪ ಎಂದರು. ಲೈನ್ ಸಿಗುತ್ತಿಲ್ಲ ಎಂದರೆ ಅವರು ಎದುರಿನ ಬೂತಿಗೆ ಹೋಗುತ್ತಿದ್ದರು. ನನ್ನ ಮಷೀನಿಗೆ ಹಾಳೆಯನ್ನು ಬರೆದ ಮುಖ ಕೆಳಗೆ ಮಾಡಿ ಇಡಬೇಕಿತ್ತು. ಹೊಸಬರು ತಿಳಿಯದೆ ಉಲ್ಟಾ ಇಟ್ಟರೆ ಆಚೆ ಕಡೆ ಬರೀ ಬಿಳಿ ಹಾಳೆ ಬರುತ್ತಿತ್ತು, ನಮ್ಮ ಕಡೆ ಮಾತ್ರ ಹೋಯಿತು ಎಂಬ ಚೀಟಿ ಸರಿಯಾಗಿಯೇ ಬರುತ್ತಿತ್ತು. ನಾನು ತಿಳಿದೂ ತಿಳಿದೂ ಉಲ್ಟಾ ಇಟ್ಟೆ. ಹಾಳೆ ನಿಧಾನವಾಗಿ ಒಳಗೆ ಹೋಗಿ ಈಚೆ ಬರುವವರೆಗೆ ಮಷೀನಿಗೆ ಅಡ್ಡವಾಗಿ ನಿಂತಿದ್ದೆ. ಮೇಷ್ಟ್ರು ಚೀಟಿಯನ್ನೂ ಹಾಳೆಯನ್ನೂ ಮಡಿಸಿ ಜೇಬಿಗಿಟ್ಟು, ನಿನ್ನ ಕೈಗೆ ಕೊಟ್ಟರೆ ಚಿಂತೆಯಿಲ್ಲ ಕಣಯ್ಯ ಎಂದು ಹೊರಟರು. ಬೆಂಚಿನವರು ನನ್ನ ಬೆನ್ನು ತಟ್ಟಿದರು.

ಸೋಮವಾರ ಮೇಷ್ಟ್ರ ಪತ್ರಿಕೆಯಲ್ಲಿ ಒಂದಕ್ಷರ ಇರಲಿಲ್ಲ. ಆದರೆ ಇನ್ನೊಂದು ಪತ್ರಿಕೆಯಲ್ಲಿ ಇತ್ತು. ಅದರ ವರದಿಗಾರ ಗುಬ್ಬಿಯ ಕಡೆ ತಲೆ ಹಾಕಿಯೂ ಮಲಗಿರಲಿಲ್ಲ. ಯಾರೋ ಹೇಳಿದ್ದನ್ನು ಕೇಳಿಕೊಂಡು, ತುಮಕೂರಿನ ಆಟಗಾರರೇ ಲೈನ್ಸ್‌ಮನ್‌ಗೆ ಹೊಡೆದು ಓಡಿಹೋದರೆಂದು ಬರೆದಿದ್ದ. ಕಲಾಯಿಯವನು ಅದನ್ನು ಅಳೆಯಲಿಲ್ಲ.

ಮಂಗಳವಾರ ಸಮಿತಿ ನಮ್ಮನ್ನು ಹೊರಗೆ ಹಾಕಿತು. ಕ್ಯಾಪ್ಟನ್ ನನ್ನ ಬೂತಿನಿಂದಲೇ ಕುಣಿಗಲ್‌ಗೆ ಫೋನ್ ಮಾಡಿದ. ಗಾಯವಾದವರನ್ನು ತಾನೇ ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದೆ, ಹೊಲಿಗೆ ಹಾಕುವವರೆಗೂ ಕೈ ಹಿಡಿದು ಕೂತಿದ್ದೆ ಎಂದು ಅವನು ಹೇಳುತ್ತಿದ್ದುದನ್ನು ನಾನು ಕೇಳಿದ್ದು ಅದೇ ಮೊದಲು. ಪೇಪರಿನಲ್ಲಿ ಹಾಗಿಲ್ಲವಲ್ಲ ಎಂದು ಆ ಕಡೆಯವರು ಫೋನ್ ಇಟ್ಟರು. ಕ್ಯಾಪ್ಟನ್ ರಿಸೀವರ್ ಹಿಡಿದೇ ನಿಂತಿದ್ದ.

ಅದೇ ಹೊತ್ತಿಗೆ ಮೇಷ್ಟ್ರು ಬಂದರು. ಅವರನ್ನು ಕಂಡದ್ದೇ ಕ್ಯಾಪ್ಟನ್ ಸಿಡಿದ.

“ನೀವೂ ಅಲ್ಲೇ ಇದ್ರಲ್ಲ ಸಾರ್. ಒಂದ್ ಸಾಲು ಬರ್ದಿದ್ರೆ ಏನಾಗ್ತಿತ್ತು?”

ಮೇಷ್ಟ್ರು ಜೇಬಿನಿಂದ ಹಾಳೆ ತೆಗೆದು ಕೌಂಟರಿನ ಮೇಲೆ ಬಿಚ್ಚಿಟ್ಟರು. ನಾನು ಓದದೆ ಬಿಟ್ಟಿದ್ದ ಕೆಳಗಿನ ಅರ್ಧ ಕಣ್ಣಿಗೆ ಬಿತ್ತು. ಗೆದ್ದ ಸಂಭ್ರಮ ಬಿಟ್ಟು ಗಾಯಾಳುವಿನ ಜೊತೆ ಆಸ್ಪತ್ರೆಗೆ ಹೋದ ನಾಯಕನ ವಿಷಯ ಅಲ್ಲಿತ್ತು. ಯಾರೋ ಒಬ್ಬನ ದುಡುಕಿಗೆ ಇಡೀ ತಂಡವನ್ನು ದಂಡಿಸುವುದು ನ್ಯಾಯವಲ್ಲ ಎಂದೂ ಬರೆದಿದ್ದರು.

ಪತ್ರಿಕೆಯ ಕಚೇರಿಗೆ ಬಿಳಿ ಹಾಳೆ ಹೋಗಿತ್ತಂತೆ. ಮೇಷ್ಟ್ರು, ಕೊಡುವಾಗ ನಾನೇ ತಿರುಗಿಸಿ ಕೊಟ್ಟೆನೋ ಏನೋ, ವಯಸ್ಸಾಯಿತು ನೋಡಿ ಎಂದು ಕ್ಯಾಪ್ಟನ್‌ಗೆ ಕೈ ಮುಗಿಯಲು ಹೋದರು. ನನಗೆ ತಡೆಯಲಾಗಲಿಲ್ಲ.

“ನೀವು ಸರಿಯಾಗೇ ಕೊಟ್ರಿ ಸಾರ್. ಬೇಕಂತ್ಲೇ ಉಲ್ಟಾ ಇಟ್ಟಿದ್ದು ನಾನು,” ಎಂದೆ.

ಕ್ಯಾಪ್ಟನ್ ಹಾಳೆಯಿಂದ ತಲೆ ಎತ್ತಲಿಲ್ಲ. ತನ್ನ ಬಗ್ಗೆ ಬರೆದ ಸಾಲುಗಳನ್ನು ಬೆರಳಿಟ್ಟು ಮತ್ತೆ ಮತ್ತೆ ಓದುತ್ತಿದ್ದ. ಮೇಷ್ಟ್ರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

“ಪೂರ್ತಿ ಓದಿದ್ಯೇನಪ್ಪ ನೀನು?” ಎಂದು ಕೇಳಿದರು.

“ಇಲ್ಲ ಸಾರ್.”