ಲೆನಿನ್‌ಗ್ರಾಡಿನಿಂದ ಬಂದ ಎಡೆ

ಕಳೆದ ವಾರ ದೇವರ ಗೂಡು ಒರೆಸುವಾಗ ಹಳೆಯ ಪಂಚಾಂಗಗಳ ನಡುವಿನಿಂದ ಒಂದು ಲಕೋಟೆ ಜಾರಿಬಿತ್ತು. ಒಳಗೆ ಬಣ್ಣದ ಚಿತ್ರಗಳ ಒಂದು ಕಟ್ಟು. ಮೇಲಿನ ಚಿತ್ರದ ಚಿನ್ನದ ಗುಮ್ಮಟಕ್ಕೆ ಕುಂಕುಮ ಮೆತ್ತಿಕೊಂಡಿತ್ತು. ನಗಬೇಡಿ, ಅದು ನಮ್ಮತ್ತೆ ಇಟ್ಟದ್ದು. ಗೋಪುರವಿದ್ದ ಮೇಲೆ ಕೆಳಗೆ ದೇವರು ಇರಲೇಬೇಕು ಎಂದು ಅವರ ನಂಬಿಕೆ. ಅದೇ ನಂಬಿಕೆಯಲ್ಲಿ ಒಂದು ಅರಮನೆಗೂ, ಒಂದು ಕಾರಂಜಿಗೂ ಕುಂಕುಮ ಬಿದ್ದಿದೆ. ನಾನೇನು ಕಡಿಮೆ? ಆ ಕಾರಂಜಿಯ ಮುಂದೆ ಎಷ್ಟೋ ದಿನ ಊದುಬತ್ತಿ ಹಚ್ಚಿದ್ದೇನೆ.

ಚಿತ್ರಗಳು ರಷ್ಯಾದ ಲೆನಿನ್‌ಗ್ರಾಡಿನವು. ಆ ಊರಿಗೆ ಈಗ ಸೇಂಟ್ ಪೀಟರ್ಸ್‌ಬರ್ಗ್ ಎನ್ನುತ್ತಾರಂತೆ. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಕಬ್ಬು ಬೆಳೆಯುವವರ ಒಂದು ತಂಡವನ್ನು ಆ ದೇಶ ನೋಡಿಬರಲು ಸರ್ಕಾರದವರು ಕಳಿಸಿದರು. ನಮ್ಮೂರು ಕ್ಯಾತನಹಳ್ಳಿಯಿಂದ ನಮ್ಮ ಮಾವನ ಹೆಸರು ಬಂತು. ತಿರುಪತಿಯಿಂದಾಚೆಗೆ ಕಾಲಿಡದ ಮನುಷ್ಯ. ಚೀಲಕ್ಕೆ ರಾಗಿ ಹಿಟ್ಟು, ಚಟ್ನಿಪುಡಿ, ನಮ್ಮ ಆಲೆಮನೆಯ ಅಚ್ಚು ಬೆಲ್ಲ ತುಂಬಿಕೊಟ್ಟೆವು. ಮುದ್ದೆ ತೊಳಸಲು ಅಲ್ಲಿ ಒಲೆ ಯಾರು ಕೊಡುತ್ತಾರೆಂದು ಯಾರಿಗೂ ಹೊಳೆಯಲಿಲ್ಲ.

ಅದು ನಾನು ಮಾತು ಕಡಿಮೆ ಮಾಡಿದ್ದ ಕಾಲ. ನಮ್ಮ ಯಜಮಾನರು ಲಾರಿ ಓಡಿಸುತ್ತಾ ಹೆಚ್ಚಾಗಿ ಹೊರಗೇ ಇರುತ್ತಿದ್ದರು. ಹಿಂದಿನ ವರ್ಷದ ಆಷಾಢದಲ್ಲಿ ನನ್ನ ಚೊಚ್ಚಲ ಗಂಡುಮಗು ಜ್ವರ ಬಂದು ತೀರಿಕೊಂಡಿತ್ತು. ಎರಡು ತಿಂಗಳಾಗಿತ್ತು, ಹೆಸರಿಟ್ಟಿರಲಿಲ್ಲ. ಆ ವರ್ಷ ಪಕ್ಷದ ಹಬ್ಬದಲ್ಲಿ ತೀರಿಹೋದ ಹಿರಿಯರಿಗೆಲ್ಲ ಎಲೆ ಹಾಕಿ ಎಡೆ ಇಡುವಾಗ, ನನ್ನ ಮಗುವಿಗೂ ಒಂದು ಎಲೆ ಹಾಕಲೇ ಎಂದು ಅತ್ತೆಯನ್ನು ಕೇಳಿದ್ದೆ.

"ಹಲ್ಲು ಬರ್ದಿರೊ ಕೂಸ್ಗೆ ಎಡೆ ಇಕ್ಕಾಕಿಲ್ಲ ಕಣವ್ವ. ಮುಂದ್ಲ ಕೂಸ್ಗೆ ಆಗ್ಬರಾಕಿಲ್ಲ," ಎಂದರು. ಗದರಿಕೊಳ್ಳಲಿಲ್ಲ. ಗದರಿದ್ದರೆ ಅಳುವುದಕ್ಕಾದರೂ ಒಂದು ನೆಪ ಸಿಗುತ್ತಿತ್ತು. ಎಲ್ಲರಿಗೂ ಬಡಿಸಿದ ಕೈಯಲ್ಲಿ ಅವನಿಗೊಂದು ಅಗುಳೂ ಹಾಕದೆ ಪಾತ್ರೆ ತೊಳೆದಿಟ್ಟೆ.

ಮಾವ ತಿರುಗಿ ಬಂದ ದಿನ ಕಾಶಿಯಿಂದ ಬಂದವರನ್ನು ನೋಡುವ ಹಾಗೆ ಜನ ಜಗಲಿ ತುಂಬಿತು. ಒಬ್ಬಿಬ್ಬರು ಕಾಲಿಗೂ ಬಿದ್ದರು. ಮಾವ ಚಿತ್ರಗಳನ್ನು ಒಂದೊಂದಾಗಿ ಕೈಗೆ ಕೊಡುತ್ತಾ ಹೇಳಿದರು: "ಇದು ರಾಜರ ಅರಮನೆ. ಗೋಡೆಮ್ಯಾಗ್ಲ ಚಿತ್ರ ನೋಡಿ ನೋಡಿ ಕತ್ತೇ ಇಡ್ಕಂಬುಡ್ತು. ಇದು ಸೇತುವೆ. ಹೊಳೇಲಿ ಹಡಗು ಬಂದ್ರೆ ನಡುಮಧ್ಯಕ್ಕೆ ಸೀಳ್ಕಂಡು ಎಲ್ಡೂ ಕಡೆ ಕೈ ಎತ್ಬುಡ್ತದೆ."

"ಬುಡ್ಲಾ, ಅಲ್ಲಿ ಹೆಂಡ ಕುಡ್ದು ನೋಡಿದ್ದೀಯ ಕಣ್ಲಾ," ಎಂದ ಅವರ ವಾರಿಗೆಯ ಗೆಳೆಯ. ಜಗಲಿಯೆಲ್ಲ ನಕ್ಕಿತು.

ತಾವು ಹೋಗಿದ್ದ ತಿಂಗಳಲ್ಲಿ ಅಲ್ಲಿ ಕತ್ತಲೆಯೇ ಆಗುವುದಿಲ್ಲವೆಂದು ಮಾವ ಹೇಳಿದಾಗ ಅತ್ತೆಗೆ ಕಳವಳವಾಯಿತು. "ಅಂಗಾರೆ ಆ ಹೆಣ್ಮಕ್ಳು ದೇವ್ರಿಗೆ ದೀಪ ಹಚ್ಚೋದು ಯಾವಾಗ?" ಮಾವ ಮುಂದಿನ ಚಿತ್ರ ಕೈಗಿಟ್ಟರು. ನನಗೆ ಇವತ್ತಿಗೂ ಅದು ತಿಳಿದಿಲ್ಲ.

ಜನ ಎದ್ದುಹೋದ ಮೇಲೆ, ಚಿತ್ರವಿಲ್ಲದ ಒಂದು ಜಾಗದ ಸಂಗತಿಯನ್ನು ಮಾವ ನನಗೂ ಅತ್ತೆಗೂ ಮಾತ್ರ ಹೇಳಿದರು. ದೊಡ್ಡ ಯುದ್ಧದ ಕಾಲದಲ್ಲಿ ವೈರಿಗಳು ಆ ಊರನ್ನು ಸುತ್ತುಗಟ್ಟಿದ್ದರಂತೆ. ಊಟವಿಲ್ಲದೆ ಸತ್ತವರನ್ನೆಲ್ಲ ಒಟ್ಟಿಗೆ ಮಣ್ಣು ಮಾಡಿದ ಸ್ಮಶಾನ. ಹುಲ್ಲು ಬೆಳೆದ ಉದ್ದುದ್ದ ದಿಬ್ಬಗಳು, ಕಲ್ಲಿನ ಮೇಲೆ ಸತ್ತ ವರ್ಷ ಮಾತ್ರ. ಹೆಸರಿಲ್ಲ.

"ಒಬ್ಳು ಮುದ್ಕಿ ಬಂದ್ಲು ಕಣವ್ವ. ಚೀಲ್ದಿಂದ ಒಂದ್ ಚೂರು ರೊಟ್ಟಿ, ಒಂದು ಪೆಪ್ಪರ್‌ಮೆಂಟು ತಗ್ದು ಕಲ್ಲಮ್ಯಾಲೆ ಮಡಗುದ್ಲು. ಯಾರ್ಗೆ ಅಂತ ದುಭಾಷಿ ಕೈಲಿ ಕೇಳುಸ್ದೆ. ತಮ್ಮಂಗಂತೆ. ಹಾಲು ಕುಡಿಯೊ ಕೂಸಂತೆ. ಯಾವ್ ದಿಬ್ಬದಾಗವ್ನೋ ಗೊತ್ತಿಲ್ಲ, ಅದ್ಕೆ ಇಲ್ಲೇ ಇಕ್ತೀನಿ ಅಂದ್ಲಂತೆ." ಮಾವ ಅಂಗಿಯ ಜೋಬು ಮುಟ್ಟಿ ನೋಡಿಕೊಂಡರು. "ಜೋಬ್ನಾಗೆ ನಮ್ ಬೆಲ್ಲದ ಚೂರಿತ್ತು. ನಾನೂ ಮಡಗ್ಬಂದೆ."

ಅತ್ತೆ ಎದ್ದು ಕೊಟ್ಟಿಗೆಗೆ ಹೋದರು.

ಆ ವರ್ಷ ಪಕ್ಷದ ಹಬ್ಬ ಬಂದಾಗ ನಾನು ಐದು ತಿಂಗಳ ಬಸುರಿ. ನಾನಾಗಿ ಏನನ್ನೂ ಕೇಳಲಿಲ್ಲ. ಹೊಟ್ಟೆಯಲ್ಲಿದ್ದ ಕೂಸಿನ ಭಯ ನನಗೂ ಇತ್ತು. ಹಿರಿಯರ ಎಲೆಗಳನ್ನು ಹಾಸಿದ್ದಾಯಿತು. ಮಾವ ಹಿತ್ತಲಿಗೆ ಹೋಗಿ ಇನ್ನೊಂದು ಸಣ್ಣ ಸುಳಿ ಎಲೆ ಕೊಯ್ದು ತಂದು ಕೊನೆಯಲ್ಲಿ ಹಾಸಿದರು.

"ಇದ್ಯಾರ್ಗೆ?" ಎಂದರು ಅತ್ತೆ.

"ನಿನ್ ಮೊಮ್ಮಗಂಗೆ."

"ಸಾಸ್ತ್ರ ಮೀರಿ, ನಾಳೆ ಬಸ್ರಿ ಹೆಣ್ಗೆ ಏನಾರ ಹೆಚ್ಚುಕಮ್ಮಿ ಆದ್ರೆ?"

"ಆಗೋದು ನನ್ ತಲೆಮ್ಯಾಲೆ ಆಗ್ಲಿ ಬುಡು. ಹಸ್ದಿರೊ ಕೂಸ್ಗೆ ಇಕ್ಕಿದ್ ತುತ್ತು ಯಾರ್ಗೂ ಕೇಡು ಮಾಡಾಕಿಲ್ಲ."

ಕಜ್ಜಾಯದ ತಟ್ಟೆ ನನ್ನ ಕೈಯಲ್ಲಿತ್ತು. ಒಂದನ್ನು ತೆಗೆದು ಆ ಎಲೆಯ ಕಡೆಗೆ ಬಗ್ಗಿದೆ. ಅತ್ತೆ ನನ್ನ ಮುಂಗೈ ಹಿಡಿದರು. ಮುಗಿಯಿತು ಎಂದುಕೊಂಡೆ.

"ತಡಿ. ಹಲ್ಲಿಲ್ಲದ ಕೂಸು ಕಜ್ಜಾಯ ಎಂಗ್ ತಿಂದಾತು? ಹಾಲಿಕ್ಕು."

ಒಳಗೆ ಹೋಗಿ ತಮ್ಮ ಪೆಟ್ಟಿಗೆ ತೆರೆದರು. ಮಗುವಿಗೆ ಹಾಲು ಕುಡಿಸುತ್ತಿದ್ದ ಒಳಲೆಯನ್ನು ಎಸೆದುಬಿಟ್ಟಿದ್ದಾರೆಂದೇ ನಾನು ತಿಳಿದಿದ್ದೆ. ಬಟ್ಟೆಯಲ್ಲಿ ಸುತ್ತಿ ಒಂದು ವರ್ಷದಿಂದ ಅಲ್ಲಿಟ್ಟಿದ್ದರು. ಹಾಲು ತುಂಬಿ, ಬೆರಳಿನಿಂದ ಬಿಸಿ ನೋಡಿ, ಎಲೆಯ ಮೇಲೆ ಅವರೇ ಇಟ್ಟರು. ಆಮೇಲೆ ಹಿರಿಯರು ಬಂದು ಉಣ್ಣಲೆಂದು ಪದ್ಧತಿಯಂತೆ ಬಾಗಿಲು ಮುಚ್ಚಿ ನಾವು ಮೂವರೂ ಹೊರಗೆ ನಿಂತೆವು. ಅತ್ತೆ ಮತ್ತೆ ನನ್ನ ಮುಂಗೈ ಹಿಡಿದುಕೊಂಡರು.

ಮಾಘದಲ್ಲಿ ಮಗಳು ಸುಖವಾಗಿ ಹುಟ್ಟಿದಳು. ಇನ್ನೂ ಹೆಚ್ಚಿಗೆ ಬೇಡಲು ನನಗೆ ಬಾಯಿಲ್ಲ. ಈಗ ಮಾವನಿಗೂ ಅತ್ತೆಗೂ ನಾನೇ ಎಲೆ ಹಾಕುತ್ತೇನೆ. ಕಜ್ಜಾಯ ಕರಿಯುವಾಗ ಅತ್ತೆ ಹಿಂದೆ ನಿಂತು ಹದ ನೋಡುತ್ತಿದ್ದಾರೆ ಎಂದೇ ಅನ್ನಿಸುತ್ತದೆ.

ನಿನ್ನೆ ಪಕ್ಕದ ಬೀದಿಯ ಕೆಂಪಮ್ಮನ ಸೊಸೆ ಪಕ್ಷದ ಹಬ್ಬಕ್ಕೆ ಬಾಳೆ ಎಲೆ ಕೇಳಿಕೊಂಡು ಬಂದಳು. ಈ ಮುಂಗಾರಿನಲ್ಲಿ ಇಪ್ಪತ್ತು ದಿನದ ಮಗುವನ್ನು ಕಳೆದುಕೊಂಡವಳು. ಎಲೆ ಎಣಿಸಿ ಕೊಟ್ಟ ಮೇಲೂ ಹೊರಡದೆ ನಿಂತಳು.

"ದೊಡ್ಡಮ್ಮ, ಚಿಕ್ ಮಕ್ಳಿಗೆ ಇಕ್ಕಬಾರ್ದಂತಲ್ವಾ? ಅತ್ತೆ ಹೇಳುದ್ರು."

ಚಿತ್ರಗಳನ್ನು ತೋರಿಸಿ ಕಥೆ ಹೇಳಿ ಕಳಿಸಬಹುದಿತ್ತು. ಅಷ್ಟಕ್ಕೆ ಕೆಂಪಮ್ಮ ಒಪ್ಪುವವಳಲ್ಲ. ಅವಳ ಬಾಯಿಗೆ ಊರೇ ಹೆದರುತ್ತದೆ, ಅದರಲ್ಲಿ ನಾನೂ ಒಬ್ಬಳು.

"ನಡಿಯವ್ವ, ನಿಮ್ಮತ್ತೆ ತಾವ ನಾನೇ ಬತ್ತೀನಿ," ಎಂದು ಚಪ್ಪಲಿ ಮೆಟ್ಟಿದೆ.