ಮದ್ದಿನಕ್ಕನ ಸಿಟ್ಟು

ಓಣಿಯವರಿಗೆಲ್ಲ ಅವಳು ಮದ್ದಿನಕ್ಕ. ಅಜ್ಜಿಯಿಂದ ಕಲಿತಂತೆ ಕೆಮ್ಮು, ಅಜೀರ್ಣ, ಉಳುಕಿಗೆ ಮಾತ್ರ ಮದ್ದು ಕೊಡುತ್ತಿದ್ದಳು. ಸಕ್ಕರೆ ಕಾಯಿಲೆಯವರು ಬಂದರೆ, "ಡಾಕ್ಟರ ಹತ್ರ ಹೋಗಿ" ಎಂದು ಬಾಗಿಲಿಂದಲೇ ಕಳಿಸುತ್ತಿದ್ದಳು.

ಬಸ್ಸುಗಳಿಗೆ ಬಣ್ಣ ಬಳಿಯುವ ಅವಳ ತಮ್ಮನಿಗೂ ಅದೇ ಕಾಯಿಲೆ. ಮಾತ್ರೆ ಬಿಡಬೇಡ ಎಂದು ಅವಳು ಎಷ್ಟು ಹೇಳಿದ್ದರೂ ಅವನು ಸದ್ದಿಲ್ಲದೆ ಅದನ್ನು ಬಿಟ್ಟು, ಅವಳು ಕೆಮ್ಮಿಗೆಂದು ಕೊಟ್ಟ ಕಷಾಯವನ್ನೇ ಚೊಂಬುಗಟ್ಟಲೆ ಕುಡಿಯತೊಡಗಿದ. "ನಮ್ಮಕ್ಕನ ಕೈಗುಣ, ಕಾಯಿಲೆ ಓಡಿಹೋಯ್ತು!" ಎಂದು ಶೆಡ್ಡಿನ ತುಂಬ ಸಾರಿದ. ಒಂದು ಮಧ್ಯಾಹ್ನ ಅಲ್ಲೇ ಪ್ರಜ್ಞೆ ತಪ್ಪಿ ಬಿದ್ದ.

ಆಸ್ಪತ್ರೆಯಲ್ಲಿ, ಶೆಡ್ಡಿನವರಿಂದ ಕಷಾಯದ ಸಂಗತಿ ಕೇಳಿದ ಡಾಕ್ಟರು ಅವಳನ್ನು ಎಲ್ಲರೆದುರು ತರಾಟೆಗೆ ತೆಗೆದುಕೊಂಡರು. "ನಿಮ್ಮಂಥವರಿಂದಲೇ ಜನ ಸಾಯೋದು!"

ಅವಳ ಮೈಯೆಲ್ಲ ಉರಿಯಿತು. "ಮಾತ್ರೆ ಬಿಡು ಅಂತ ನಾನು ಹೇಳಿದ್ನಾ? ಅವನಿಗೆ ಎಚ್ಚರ ಆಗ್ಲಿ, ಅವನನ್ನೇ ಕೇಳಿ!"

ಮೂರ್ನಾಲ್ಕು ದಿನಕ್ಕೆ ತಮ್ಮ ಚೇತರಿಸಿಕೊಂಡ. ಮಾತ್ರೆ ಯಾಕೆ ಬಿಟ್ಟೆ ಎಂದು ಅಕ್ಕ ಕೇಳಿದ್ದಕ್ಕೆ ಡಾಕ್ಟರೆದುರೇ ಹಲ್ಲುಕಿರಿದು, "ನಿನ್ನ ಮೇಲಿನ ನಂಬಿಕೆ ಅಕ್ಕಾ" ಎಂದ.

"ನಂಬಿಕೆಯಂತೆ ನಂಬಿಕೆ! ಮಾತ್ರೆ ಬಿಡಬೇಡ ಅಂತ ಬಡ್ಕೊಂಡಾಗ ಎಲ್ಲಿ ಹೋಗಿತ್ತೋ ಅದು? ನನ್ನ ಮದ್ದು ಬೇಕು, ಮಾತು ಬೇಡ! ನೀನು ಸತ್ತಿದ್ರೆ ಕೊಂದವಳು ಅನ್ನೋ ಹೆಸರು ನನಗೆ!"

ಡಾಕ್ಟರು ಎಲ್ಲ ಕೇಳಿಸಿಕೊಂಡರು. ಅಂದು ಬೈದದ್ದಕ್ಕೆ ತಪ್ಪಾಯಿತು ಎನ್ನದೆ ಪಕ್ಕದ ಮಂಚಕ್ಕೆ ನಡೆದರು. ಅವರ ಬೆನ್ನನ್ನೇ ದುರುಗುಟ್ಟಿ ನೋಡಿದ ಅಕ್ಕ, ನರ್ಸ್ ಕೈಯಿಂದ ಮಾತ್ರೆ ಕಿತ್ತುಕೊಂಡು ತಮ್ಮನ ಬಾಯಿಗೆ ಹಾಕಿ, ಅವನು ನುಂಗುವ ತನಕ ಗದ್ದ ಬಿಡಲಿಲ್ಲ.