ಹೆಡ್‌ಲೈಟಿಗೆ ಅಂಟಿಸಿದ ಟಿಕ್ಳಿ

ಇವತ್ತು ಮಗ ತಾನೇ ಜೋಡಿಸಿದ ಪುಟ್ಟ ಮಾದರಿ ಕಾರಿಗೆ ಬಳಿಯಲು ಬಣ್ಣದ ಡಬ್ಬಿ ತೆರೆದ. ಆ ಥಿನ್ನರ್ ವಾಸನೆ ಬಂದದ್ದೇ ತಡ, ನಾನು ಕೊಟ್ಟೂರಿನ ನಮ್ಮ ಹಳೇ ಮನೆಯ ಪಡಸಾಲೆಯಲ್ಲಿದ್ದೆ.

ಅಪ್ಪ ಬೇವಿನ ತುಂಡು ಕೆತ್ತಿ ನನಗೊಂದು ಅಂಬಾಸಿಡರ್ ಮಾಡಿದ್ದ. ಹೆಡ್‌ಲೈಟಿಗೆ ಬಿಳಿ, ಮೈಗೆಲ್ಲ ಬಾಗಿಲಿಗೆ ತಂದು ಮಿಕ್ಕಿದ್ದ ನೀಲಿ. ಬಿಳಿಗೆ ನೀಲಿ ತಾಗಬಾರದಲ್ಲ? ಅವ್ವ ಕನ್ನಡಿಯ ಅಂಚಿಗೆ ಅಂಟಿಸಿಟ್ಟಿದ್ದ ಎರಡು ಟಿಕ್ಳಿ ಕಿತ್ತು ತಂದು ಹೆಡ್‌ಲೈಟ್ ಮುಚ್ಚಿ, ಸುತ್ತ ನೀಲಿ ಬಳಿದ. ಬಿಳಿ ಇನ್ನೂ ಒಣಗಿರಲಿಲ್ಲ. ಆಮೇಲೆ ಬಿಡಿಸಿದರೆ ಟಿಕ್ಳಿ ಜೊತೆಗೇ ಬಿಳಿಯೂ ಎದ್ದು ಬಂತು. ನನಗೆ ಅಳು. ಅಪ್ಪ ಮಾತ್ರ ಏನೂ ಆಗದವನಂತೆ ಟಿಕ್ಳಿಗಳನ್ನು ಕನ್ನಡಿಗೆ ವಾಪಸ್ ಅಂಟಿಸಿದ.

ಅವ್ವ ಅದರಲ್ಲೊಂದನ್ನು ಹಣೆಗೆ ಹಚ್ಚಿಕೊಂಡು ಸಂತೆಗೆ ಹೋಗಿಬಂದಳು.

"ಎಲ್ಲಾರೂ ನನ್ನ ಹಣಿ ಯಾಕ ನೋಡಾಕತ್ತಿದ್ರು?"

ಟಿಕ್ಳಿಯ ಸುತ್ತ ನೀಲಿ ಉಂಗುರ. ಅಪ್ಪ ನಕ್ಕು ನಕ್ಕು ಕೂತೇಬಿಟ್ಟ. ಆಮೇಲೆ ಸೀಮೆಎಣ್ಣೆ ಬಟ್ಟೆ ಹಿಡಿದು, "ಸುಮ್ನ ನಿಂದ್ರು, ಅಲುಗಾಡಬ್ಯಾಡ," ಎನ್ನುತ್ತ ತಾನೇ ಮೆಲ್ಲಗೆ ಒರೆಸಿದ.

ಅಪ್ಪ ತೀರಿಕೊಂಡ ಮೇಲೆ ಅವ್ವ ಟಿಕ್ಳಿ ಹಚ್ಚಿಲ್ಲ.

ಇವತ್ತು ಮಗ ಹೆಡ್‌ಲೈಟ್ ಮುಚ್ಚಲು ಟೇಪನ್ನು ದುಂಡಗೆ ಕತ್ತರಿಸಲಾಗದೆ ಒದ್ದಾಡುವುದನ್ನು ನೋಡಿ, ಅವ್ವ ತನ್ನ ಟ್ರಂಕಿನಿಂದ ಹಳೆಯದೊಂದು ಟಿಕ್ಳಿ ಪಾಕೀಟು ತಂದಳು. "ಬಿಳಿ ಚಂದಂಗ ಒಣಗ್ಲಿ, ಆಮ್ಯಾಲ ಅಂಟಿಸು." ಈ ಸಲ ಬಿಡಿಸಿದಾಗ ಹೆಡ್‌ಲೈಟ್ ಅಚ್ಚ ಬಿಳಿಯಾಗಿ ಉಳಿದಿತ್ತು. ಮಗ ಆ ಖುಷಿಯಲ್ಲಿ ಟಿಕ್ಳಿಯನ್ನು ಅಜ್ಜಿಯ ಹಣೆಗೇ ಒತ್ತಿಬಿಟ್ಟ.

ಅವ್ವನ ಕೈ ಹಣೆಯವರೆಗೂ ಹೋಗಿ ನಿಂತಿತು. ತೆಗೆಯಲಿಲ್ಲ.

"ಸುತ್ತ ಬಣ್ಣ ಹತ್ತೇತೇನು, ನೋಡು," ಎಂದಳು.